ಸುರಮಾ ಕಿವಿ ನಿಮಿರಿಸಿದ ಜಾಗ

ಹಾವೇರಿ
4-1-1988

ಆಪಾ, ನಿನಗೂ ಭಾವನವರಿಗೂ ಸಲಾಂ.

ಈ ಕಾಗದವನ್ನು ಹಾವೇರಿಯ ದನದ ದವಾಖಾನೆಯ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ನಾನು ಗುಂಡುಕಲ್ಲಿನ ಹಾಗೆ ಇದ್ದೇನೆ. ಕಾಯಿಲೆ ಬಿದ್ದವಳು ಸುರಮಾ.

ಇಲ್ಲಿ ಒಂದು ಮದುವೆಗೆ ಮದುಮಗನನ್ನು ಕುದುರೆ ಮೇಲೆ ಕೂರಿಸಲು ಅವಳನ್ನು ರಾಣೆಬೆನ್ನೂರಿನಿಂದ ಕರೆತಂದಿದ್ದೆ. ಮೆರವಣಿಗೆ ಚೆನ್ನಾಗಿಯೇ ಆಯಿತು. ಆಮೇಲೆ ಯಾರೋ ಪುಣ್ಯಾತ್ಮರು ಪ್ರೀತಿ ಉಕ್ಕಿ ಉಳಿದ ಜರ್ದಾ ಸಿಹಿ ಅನ್ನವನ್ನು ಬುಟ್ಟಿಗಟ್ಟಲೆ ತಿನ್ನಿಸಿದ್ದಾರೆ. ಕುದುರೆಯ ಹೊಟ್ಟೆ ಎಂದರೆ ಬೀಗರ ಮನಸ್ಸಿನ ಹಾಗೆ, ಒಮ್ಮೆ ಕೆಟ್ಟರೆ ಸರಿಯಾಗುವುದು ಕಷ್ಟ ಎಂದು ಅಬ್ಬಾ ಹೇಳುತ್ತಿದ್ದರಲ್ಲ, ಹಾಗೇ ಆಯಿತು. ಬೆಳಗಾಗುವುದರಲ್ಲಿ ಹೊಟ್ಟೆ ಕಡೆಗೆ ತಿರುತಿರುಗಿ ನೋಡಿದಳು, ನೆಲ ಕೆದರಿದಳು, ಬಿದ್ದು ಹೊರಳಿದಳು. ಮೈಯೆಲ್ಲ ಬೆವರು. ಡಾಕ್ಟರು ಮೂಗಿನಲ್ಲಿ ನಳಿಗೆ ಇಳಿಸಿ ಎಣ್ಣೆ ಹೊಯ್ದರು. ಕೊನೆಗೆ ಲದ್ದಿ ಹಾಕಿದಳು. ಲದ್ದಿ ನೋಡಿ ಅಷ್ಟು ಸಂತೋಷಪಟ್ಟವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಈಗ ವಿಷಯ. "ಶೂಲಿ ಮತ್ತ ಮತ್ತ ಬರತೈತಿ. ಒಂದು ತಿಂಗಳಾ ಟಾಂಗಾಕ ಕಟ್ಟಬ್ಯಾಡ್ರಿ. ಮಣ್ಣಿನ ನೆಲ ಇರಲಿ, ತಿರುಗಾಡಿಸಾಕ ಜಾಗಾ ಇರಲಿ" ಎಂದಿದ್ದಾರೆ ಡಾಕ್ಟರು. ಟಾಂಗಾ ಸ್ಟ್ಯಾಂಡಿನ ನಮ್ಮ ಲಾಯದಲ್ಲಿ ಸಿಮೆಂಟು ನೆಲ. ತಿರುಗಾಡಿಸಬೇಕೆಂದರೆ ಬಸ್ಸುಗಳ ನಡುವೆಯೇ. ಉಳಿದದ್ದು ಎರಡು ಜಾಗ: ಹಲಗೇರಿಯ ನಮ್ಮ ಹಳೆಯ ಮನೆ, ಇಲ್ಲವೆ ಬ್ಯಾಡಗಿಯ ನಿನ್ನ ಹಿತ್ತಲು. ಅಬ್ಬಾ ಕಣ್ಣುಮುಚ್ಚುವಾಗ "ಕುದುರಿ ಇಬ್ಬರದೂ" ಎಂದಿದ್ದರಲ್ಲ, ಅದಕ್ಕೆ ಕೇಳುತ್ತಿದ್ದೇನೆ. ನನ್ನ ಮನಸ್ಸು ಹಲಗೇರಿಯ ಕಡೆಗಿದೆ. ನೀನು ಏನೆನ್ನುತ್ತೀ?

ನಿನ್ನ ತಮ್ಮ
ಗೂಡುಸಾಬ


ಬ್ಯಾಡಗಿ
9-1-1988

ಗೂಡು,

ಸುರಮಾಳನ್ನು ಇಲ್ಲಿಗೇ ತಾ. ಹಿತ್ತಲಿನಲ್ಲಿ ಹುಣಸೆ ಕಟ್ಟಿಗೆ ಒಟ್ಟಿದ್ದನ್ನು ಪಕ್ಕಕ್ಕೆ ಹಾಕಿಸಿದ್ದೇನೆ. ನಿಮ್ಮ ಭಾವನವರು ಮೇವಿಗೆ ಜೋಳದ ಕಣಿಕೆಗೂ ಹೇಳಿದ್ದಾರೆ.

ಹಲಗೇರಿ ಬೇಡ. ಅಬ್ಬಾ ಹೋದ ಮೇಲೆ ಆ ಮನೆಯಲ್ಲಿ ದೀಪ ಹಚ್ಚಿದವರಿಲ್ಲ. ಹಂಚು ಜರುಗಿದೆ, ಹಿಂದಿನ ಗೋಡೆಯಲ್ಲಿ ಹಾವಿನ ಹುತ್ತ ಇದೆ. ಕಾಯಿಲೆಯ ಪ್ರಾಣಿಯನ್ನು ಅಂಥಲ್ಲಿ ಕಟ್ಟಬಾರದು.

ಒಂದು ವೇಳೆ ಒಯ್ದಿದ್ದರೂ ಖಬರಸ್ತಾನದ ಕಡೆ ಮಾತ್ರ ಬಿಡಬೇಡ. ಅಲ್ಲಿ ವಿಷದ ಹುಲ್ಲು ಇದೆ.

ಆಪಾ
ಮೈಮುನಾಬಿ


ಹಲಗೇರಿ
17-1-1988

ಆಪಾ, ಸಲಾಂ.

ಬೈಯಬೇಡ. ನಿನ್ನ ಕಾಗದ ರಾಣೆಬೆನ್ನೂರು ಸುತ್ತಿ ನನ್ನ ಕೈಗೆ ಬರುವುದರೊಳಗೆ ನಾನು ಹಲಗೇರಿ ಸೇರಿ ಆಗಿತ್ತು. ಬ್ಯಾಡಗಿಗೆ ಬಂದಿದ್ದರೂ ಏನು ಸುಖ? ಮೆಣಸಿನಕಾಯಿ ಸುಗ್ಗಿಯಲ್ಲಿ ನಿಮ್ಮೂರ ಕಾಗೆಗಳೂ ಸೀನುತ್ತವೆ. ಹಂಚು ನಾನೇ ಹೊದಿಸಿದೆ. ಹುತ್ತದಲ್ಲಿ ಹಾವಿಲ್ಲ, ಇಲಿಯೂ ಇಲ್ಲ. ಇನ್ನು ವಿಷದ ಹುಲ್ಲು ಯಾವುದೋ ನನಗೆ ತಿಳಿಯಲಿಲ್ಲ. ಊರ ಆಡುಗಳೆಲ್ಲ ಅಲ್ಲೇ ಮೇಯ್ದು ಕೊಬ್ಬಿವೆ.

ಆಪಾ, ನಾನು ಬರೆಯಬೇಕಾದದ್ದು ಬೇರೆಯೇ ಇದೆ. ಮೊನ್ನೆ ಮಧ್ಯಾಹ್ನ ಸುರಮಾಗೆ ಮತ್ತೆ ಶೂಲೆ ಬಂತು. ಎಣ್ಣೆ ಕುಡಿಸಿದೆ, ಹೊಟ್ಟೆ ತಿಕ್ಕಿದೆ, ಏನೂ ಆಗಲಿಲ್ಲ. ನಿಂತರೆ ಬಿದ್ದುಬಿಡುತ್ತಾಳೆ ಎಂದು ಹಗ್ಗ ಹಿಡಿದು ನಡೆಸುತ್ತಾ ಹಿಂದಿನ ಖಬರಸ್ತಾನಕ್ಕೆ ಹೋದೆ. ಅಬ್ಬಾನ ಗೋರಿಯ ಹತ್ತಿರ ಬಂದದ್ದೇ ತಡ, ಗಕ್ಕನೆ ನಿಂತಳು. ಎರಡೂ ಕಿವಿ ನಿಮಿರಿ ನೆಲದ ಕಡೆ ಬಾಗಿದವು. ಮೈಯ ತೊಗಲು ಅಲೆಯಲೆಯಾಗಿ ನಡುಗಿತು. ಆಮೇಲೆ ಆ ಕಿವಿಗಳು ನಿಧಾನವಾಗಿ ಎಡಕ್ಕೆ ಹೋದವು, ಬಲಕ್ಕೆ ಬಂದವು. ಕೆಳಗೆ ಯಾರೋ ಅತ್ತಿಂದಿತ್ತ ಓಡಾಡುತ್ತಿದ್ದಾರೆ, ಇವಳು ಆಲಿಸುತ್ತಿದ್ದಾಳೆ, ಹಾಗೆ. ಅಲ್ಲೇ ಲದ್ದಿ ಹಾಕಿದಳು. ಶೂಲೆ ಕೈಯಲ್ಲಿ ತೆಗೆದ ಹಾಗೆ ಹೋಯಿತು.

ನಿನ್ನೆ ನಮ್ಮ ಬದುವಿನ ಮೈಲಪ್ಪ ಹೊಟ್ಟೆ ಉಬ್ಬಿದ ಎತ್ತನ್ನು ಹೊಡೆದುಕೊಂಡು ಬಂದ. ಅವನು ದೇವರಗುಡ್ಡದ ಮೈಲಾರನ ಒಕ್ಕಲು. ಆದರೂ "ದೊಡ್ಡವರ ಜಾಗಾಕ ಜಾತಿ ಎಲ್ಲೈತ್ರಿ ಸಾಬರ" ಎಂದ. ಎತ್ತೂ ಹಾಗೇ ನಡುಗಿತು, ಹಾಗೇ ಗುಣವಾಯಿತು.

ಅಬ್ಬಾ ಎಂಥವರಾಗಿದ್ದರು ಎಂದು ನಮಗೇ ತಿಳಿಯಲಿಲ್ಲವಲ್ಲ ಆಪಾ. ಅಮ್ಮಾ ತೀರಿಕೊಂಡ ದಿನ ಅವರ ಆಗಿನ ಕುದುರೆಗೆ ಹೊಟ್ಟೆಶೂಲೆ ಎದ್ದು, ಆಸ್ಪತ್ರೆಗೆ ಒಯ್ಯಲು ಟಾಂಗಾ ತರಲಾಗದೆ ಹೋಯಿತು. ಆ ಸಂಕಟವನ್ನು ಬದುಕಿರುವ ತನಕ ನುಂಗಿಕೊಂಡು ಇದ್ದರು. ಅದಕ್ಕೇ ಅಲ್ಲಾಹ್ ಅವರ ಮಣ್ಣಿಗೆ ಈ ಗುಣ ಕೊಟ್ಟಿದ್ದಾನೆ ಎಂದು ನನಗೆ ಅನ್ನಿಸುತ್ತದೆ. ಬರುವ ತಿಂಗಳ ಮೊದಲ ಗುರುವಾರ ಗೋರಿಗೆ ಹಸಿರು ಚಾದರ ಹೊದಿಸಿ ಲೋಬಾನದ ಹೊಗೆ ಹಾಕಬೇಕೆಂದಿದ್ದೇನೆ. ನೀನೂ ಬಾ. ಅವರನ್ನು ಮಣ್ಣು ಮಾಡಿದ ಮೇಲೆ ನೀನು ಒಮ್ಮೆಯೂ ಈ ಕಡೆ ಬಂದಿಲ್ಲ.

ಗೂಡುಸಾಬ


ಬ್ಯಾಡಗಿ
22-1-1988

ಗೂಡು,

ಚಾದರ ಹಾಕಬೇಡ. ಮೈಲಪ್ಪನಿಗೂ ಇನ್ನು ಬರಬೇಡ ಎಂದು ಹೇಳು.

ನಾನು ಕೇಳುವುದಕ್ಕೆ ಸರಿಯಾಗಿ ನೋಡಿ ಉತ್ತರ ಬರೆ. ಸುರಮಾ ಬೇರೆ ಗೋರಿಗಳ ಹತ್ತಿರವೂ ಹಾಗೆ ಮಾಡುತ್ತಾಳೋ? ಅಮ್ಮಾನ ಗೋರಿಯ ಹತ್ತಿರ ಏನು ಮಾಡುತ್ತಾಳೆ? ನಡುಗುವಾಗ ಕಣ್ಣು ಹೇಗಿರುತ್ತವೆ?

ಯಾಕೆ ಎಂದು ಕೇಳಬೇಡ.

ಆಪಾ


ಹಲಗೇರಿ
28-1-1988

ಆಪಾ,

ನೀನು ವಕೀಲಳಾಗಬೇಕಿತ್ತು, ಹಾವೇರಿ ಕೋರ್ಟಿನಲ್ಲಿ ಒಬ್ಬರೂ ನಿನ್ನೆದುರು ನಿಲ್ಲುತ್ತಿರಲಿಲ್ಲ. ಹೇಳಿದ ಹಾಗೆ ನೋಡಿದ್ದೇನೆ, ಬರೆದುಕೋ.

ಬೇರೆ ಗೋರಿಗಳ ಹತ್ತಿರ ಏನೂ ಇಲ್ಲ. ಬಾಲದಿಂದ ನೊಣ ಓಡಿಸುತ್ತಾ ಮೇಯುತ್ತಾಳೆ. ಅಮ್ಮಾನ ಗೋರಿಯ ಹತ್ತಿರ ಬಿಟ್ಟರೆ ತಲೆ ತಗ್ಗಿಸಿ, ಕೆಳತುಟಿ ಜೋತುಬಿಟ್ಟು, ನಿಂತಲ್ಲೇ ತೂಕಡಿಸುತ್ತಾಳೆ. ಅಲ್ಲಿಂದ ಎಬ್ಬಿಸಿ ತರುವುದೇ ಕಷ್ಟ. ಅಬ್ಬಾನ ಗೋರಿಯ ಹತ್ತಿರ ಮಾತ್ರ ಕಣ್ಣಿನ ಬಿಳಿ ಕಾಣುವಷ್ಟು ಕಣ್ಣು ಅಗಲವಾಗುತ್ತವೆ. ಟಾಂಗಾದ ಮುಂದೆ ಲಾರಿ ನುಗ್ಗಿದರೆ ಹೀಗಾಗುತ್ತಾಳೆ, ಇಲ್ಲವಾದರೆ ಇಲ್ಲ. ನಿಜ ಹೇಳುತ್ತೇನೆ, ನೀನು ಕೇಳಿದ ಮೇಲೆ ಅವಳ ಮುಖವನ್ನೇ ನೋಡುತ್ತಾ ನಿಂತೆ. ಅದು ದೇವರ ಬರಕತ್ತು ಕಂಡ ಪ್ರಾಣಿಯ ಮುಖವಲ್ಲ ಅನ್ನಿಸಿತು. ಆದರೂ ಗುಣವಾಗುತ್ತಿದ್ದಾಳಲ್ಲ. ಮೈ ತುಂಬಿಕೊಳ್ಳುತ್ತಿದ್ದಾಳೆ.

ಚಾದರ ತಂದು ಇಟ್ಟಿದ್ದೇನೆ, ಹೊದಿಸಿಲ್ಲ. ಈಗ ನನ್ನ ಸರದಿ. ನೀನು ಏನು ಮುಚ್ಚಿಡುತ್ತಿದ್ದೀ?

ಗೂಡುಸಾಬ


ಬ್ಯಾಡಗಿ
5-2-1988

ಗೂಡು,

ಕೂತು ಓದು.

ನಮ್ಮ ನಾನಿ, ಅಮ್ಮಾನ ತಾಯಿ ಸಕೀನಾಬಿ ನಿನಗೆ ನೆನಪಿರಲಾರಳು. ಅವಳ ತಂದೆ ಸವಣೂರಿನ ನವಾಬರ ಕುದುರೆ ಕಾಯುತ್ತಿದ್ದವರಂತೆ. ಅವಳು ಹೇಳುತ್ತಿದ್ದಳು: "ಗೋರಿ ಒಳಗ ಪಾಪಿಗೆ ಆಗೋ ಅಜಾಬು, ಆ ನರಳಾಟ, ಮನುಷ್ಯಾಗ ಕೇಳೂದಿಲ್ಲ. ಕೇಳಿದ್ರ ಯಾರೂ ಬದಕಾಂಗಿಲ್ಲ. ದನಕ್ಕ, ಕುದುರಿಗೆ ಕೇಳತೈತಿ. ಅದಕ್ಕ ಕುದುರಿಗೆ ಹೊಟ್ಟಿ ಕಟ್ಟಿದ್ರ ಪಾಪ ಮಾಡಿದವರ ಗೋರಿ ಹುಡುಕಿ ಅಲ್ಲಿ ತಿರುಗಾಡಸ್ತಿದ್ರು. ಒಳಗಿನ ಕೂಗು ಕೇಳಿ ಅಂಜಿಕಿಗೆ ಹೊಟ್ಟಿ ಸಡ್ಲ ಆಗತಿತ್ತು." ಒಳ್ಳೆಯವರ ಗೋರಿಯ ಹತ್ತಿರ ಕುದುರೆ ಮೇಯುತ್ತದೆ, ನಿದ್ದೆ ಮಾಡುತ್ತದೆ. ಅಮ್ಮಾನ ಹತ್ತಿರ ಸುರಮಾ ಮಾಡುವ ಹಾಗೆ.

ಅಮ್ಮಾ ಹೆರಿಗೆಯ ನೋವಿನಲ್ಲಿದ್ದ ದಿನ ನೀನು ನನ್ನ ಸೊಂಟದ ಮೇಲಿದ್ದೆ. ಕೂಸು ಅಡ್ಡ ತಿರುಗಿತ್ತು. ಪಕ್ಕದ ಮನೆಯ ಸುಗರಾಬಿ ಸ್ಟ್ಯಾಂಡಿಗೆ ಹೋಗಿ ಅಬ್ಬಾನನ್ನು ಕರೆದಳು. ಅಬ್ಬಾ ಇಸ್ಪೀಟಿಗೆ ಕೂತಿದ್ದರು. "ಇದೊಂದು ಆಟ ಮುಗಿಸಿ ಬಂದೆ" ಎಂದರಂತೆ. ನಾನು ಅಮ್ಮಾನ ಕೈ ಹಿಡಿದುಕೊಂಡು ಕೂತಿದ್ದೆ. ರಸ್ತೆಯಲ್ಲಿ ಗೊರಸಿನ ಸದ್ದಾದಾಗಲೆಲ್ಲ ಅಮ್ಮಾ "ಬಂದ್ರೇನ ನೋಡ" ಎನ್ನುತ್ತಿದ್ದಳು. ನಾನು ಎದ್ದು ನೋಡುತ್ತಿದ್ದೆ. ಅವರು ಬಂದಾಗ ಸಂಜೆಯಾಗಿತ್ತು, ಅಮ್ಮಾನ ಕೈ ತಣ್ಣಗಾಗಿತ್ತು. ಅಂಗಳದಲ್ಲಿ ನಿಂತು ಎಲ್ಲರೆದುರಿಗೆ "ಕುದುರಿಗೆ ಶೂಲಿ ಎದ್ದಿತ್ತು" ಎಂದರು. ಆಗ ಅವರ ಆ ಕುದುರೆ ಬಾಗಿಲಲ್ಲಿ ಹುರುಳಿಯ ಚೀಲಕ್ಕೆ ಮೂತಿ ಹಾಕಿ ಕಟಕಟ ಅಗಿಯುತ್ತಿತ್ತು. ಶೂಲೆ ಬಂದ ಕುದುರೆ ಹುರುಳಿ ಮುಟ್ಟುವುದಿಲ್ಲ. ನಾನು ಟಾಂಗಾದವನ ಮಗಳು, ನನಗೆ ಅಷ್ಟು ಗೊತ್ತಿತ್ತು. ಅಬ್ಬಾ ನನ್ನ ಮುಖ ನೋಡಿದರು. ನನಗೆ ತಿಳಿದಿದೆ ಎಂದು ಅವರಿಗೂ ತಿಳಿಯಿತು.

ಮದುವೆಯಾಗಿ ಬ್ಯಾಡಗಿಗೆ ಹೊರಡುವಾಗ ಅವರಿಗೆ ಒಂದೇ ಮಾತು ಹೇಳಿದೆ: "ನನ್ನ ಹೊಸ್ತಿಲಾ ತುಳೀಬ್ಯಾಡ್ರಿ." ಅವರು ತುಳಿಯಲಿಲ್ಲ. ಅವರ ಜನಾಜಾ ಎತ್ತುವ ಮುಂಚೆ ಹಿರಿಯರು "ಇವರ ತಪ್ಪು ಇದ್ರ ಮಾಫ್ ಮಾಡ್ರಿ" ಎಂದರಲ್ಲ, ಎಲ್ಲರೂ ಮಾಫ್ ಎಂದರು. ನಾನು ಬಾಯಿ ಬಿಡಲಿಲ್ಲ. ನಾನು ಅಳುತ್ತಿದ್ದೇನೆ ಎಂದುಕೊಂಡು ನೀನು ಬೆನ್ನು ಸವರಿದೆ.

ಮನುಷ್ಯರಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯರೇ ಮಾಫ್ ಮಾಡಬೇಕು, ಅಲ್ಲಿಯ ತನಕ ಮೇಲಿನವನೂ ಕಾಯುತ್ತಾನೆ ಎನ್ನುತ್ತಾರೆ. ಅಮ್ಮಾ ಮಾಫ್ ಮಾಡಿಯೇ ಹೋಗಿದ್ದಾಳೆ; ಕೊನೆಗೆ "ಅವರಿಗೆ ಏನೂ ಅನಬ್ಯಾಡ" ಎಂದಿದ್ದಳು. ಉಳಿದವಳು ನಾನು.

ಇವತ್ತು ಬೆಳಗಿನ ನಮಾಜು ಮುಗಿಸಿ ಹಿತ್ತಲಲ್ಲಿ ನಿಂತು ಗಟ್ಟಿಯಾಗಿ ಹೇಳಿದ್ದೇನೆ, ಅಬ್ಬಾ, ಮಾಫ್ ಮಾಡಿದ್ದೇನೆ ಎಂದು. ಹೇಳಿದಾಗ ಅಲ್ಲಿ ಕಟ್ಟಿದ್ದ ಆಡು ಮೆಲುಕು ನಿಲ್ಲಿಸಿ ನನ್ನನ್ನೇ ನೋಡುತ್ತಿತ್ತು.

ಈಗ ಸುರಮಾಳನ್ನು ಅಲ್ಲಿಗೆ ಒಯ್ದು ನೋಡಿ ಬರೆ.

ಆಪಾ


ಹಲಗೇರಿ
16-2-1988

ಆಪಾ,

ನಿನ್ನ ಕಾಗದ ಓದಿ ಹರಿದು ಒಲೆಗೆ ಹಾಕಿದೆ. ಸುಳ್ಳು ಎಂದು ಬರೆಯೋಣವೆಂದು ಕೂತೆ. ಹುರುಳಿಯ ಚೀಲದ ಮಾತು ಬರೆದೆಯಲ್ಲ, ಅದು ನೆನಪಾಗಿ ಪೆನ್ನು ಕೆಳಗಿಟ್ಟೆ. ನಾನೂ ಟಾಂಗಾದವನೇ.

ಒಯ್ಯಬಾರದೆಂದು ಗಟ್ಟಿ ಮನಸ್ಸು ಮಾಡಿದ್ದೆ. ಸೋಮವಾರ ಅವಳಿಗೆ ಮತ್ತೆ ಶೂಲೆ ಬಂತು. ಈ ಸಲ ಜೋರು. ಬಿದ್ದು ಹೊರಳಿದರೆ ಕರುಳು ತೊಡರಿಕೊಂಡು ಸಾಯುತ್ತಾಳೆ. ಏನು ಮಾಡಲಿ? ಒಯ್ದೆ.

ನಿನ್ನ ಮಾಫಿ ಹಲಗೇರಿಗೆ ಮುಟ್ಟಿಲ್ಲ ಆಪಾ. ಮೊದಲಿನ ಹಾಗೇ ನಿಂತಳು. ಮೊದಲಿಗಿಂತ ಹೆಚ್ಚು ನಡುಗಿದಳು. ಲದ್ದಿ ಹಾಕಿದಳು, ಶೂಲೆ ಇಳಿಯಿತು. ನನ್ನ ಕುದುರೆ ಉಳಿಯಿತು, ಯಾರ ಕೂಗಿನಿಂದ ಉಳಿಯಿತು ಎಂದು ನೆನೆದರೆ ಅನ್ನ ಇಳಿಯುವುದಿಲ್ಲ.

ಅವಳನ್ನು ಕಟ್ಟಿ ವಾಪಸ್ಸು ಹೋಗಿ ಗೋರಿಗೆ ಕಿವಿ ಹಚ್ಚಿ ಮಲಗಿದೆ. ಏನೂ ಇಲ್ಲ. ಮಣ್ಣು ಬಿಸಿಲಿಗೆ ಕಾದಿತ್ತು. ಒಂದೆರಡು ಗೆದ್ದಲು ಹುಳು ಹರಿದಾಡುತ್ತಿದ್ದವು. ಏನೂ ಕೇಳಿಸದ್ದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಮೈಲಪ್ಪ ಬದುವಿನ ಮೇಲೆ ನಿಂತು, "ಸಾಬರ, ಅಪ್ಪಾ ಏನಂದ್ರು?" ಎಂದು ಕೇಳಿದ. ಎದ್ದು ಅಂಗಿಯ ಮಣ್ಣು ಕೊಡವಿಕೊಂಡೆ.

ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ನೀನು ನಿಜವಾಗಿ ಮಾಫ್ ಮಾಡಿದರೆ ಈ ಜಾಗ ಸುಮ್ಮನಾಗುತ್ತದೆ. ಆಮೇಲೆ ಸುರಮಾಗೆ ಶೂಲೆ ಬಂದರೆ ಎಲ್ಲಿಗೆ ಒಯ್ಯಲಿ? ಮಾಡದಿದ್ದರೆ ಅಬ್ಬಾ ಹಾಗೇ ಇರಬೇಕು. ನನ್ನ ಬುದ್ಧಿಗೆ ಇದು ಎಟುಕುವುದಿಲ್ಲ. ಕುದುರೆಯ ನೆಪದಲ್ಲಿ ಅಬ್ಬಾ ಅಲ್ಲೇ ಇರಲಿ ಎನ್ನುವ ಮಗ ನಾನಾಗಲಾರೆ.

ಗೂಡುಸಾಬ


ಬ್ಯಾಡಗಿ
20-2-1988

ಗೂಡು,

ನೀನು ಬರೆದದ್ದು ಸರಿ. ಬಾಯಿ ಹೇಳಿತು, ಎದೆ ಹೇಳಲಿಲ್ಲ. ಅಕ್ಕಪಕ್ಕದವರ ಕಣ್ಣು ಕಟ್ಟಬಹುದು, ಕುದುರೆಯ ಕಿವಿ ಕಟ್ಟಲಾಗುವುದಿಲ್ಲ. ಪ್ರಯತ್ನ ಮಾಡುತ್ತೇನೆ. ಪ್ರತಿ ಸಲವೂ ಅಮ್ಮಾ "ಬಂದ್ರೇನ ನೋಡ" ಎನ್ನುವುದು ಕೇಳಿಸುತ್ತದೆ, ಎದೆ ಕಲ್ಲಾಗುತ್ತದೆ.

ಸುರಮಾಳನ್ನು ನಡೆಸಿಕೊಂಡು ಇಲ್ಲಿಗೆ ತಾ. ಮೆಣಸಿನಕಾಯಿ ಘಾಟಿದ್ದರೂ ಇರಲಿ. ಅವಳು ಇನ್ನು ಆ ಕೂಗಿನ ಔಷಧ ಕುಡಿಯುವುದು ಬೇಡ.

ಆಪಾ


ಬ್ಯಾಡಗಿ
2-3-1988

ಗೂಡು,

ನೀನು ಹಿಂದಿನ ಓಣಿಯಿಂದ ಬಂದು ಸುರಮಾಳನ್ನು ಹಿತ್ತಲಲ್ಲಿ ಕಟ್ಟಿ, ಚಹಾ ಸಹ ಕುಡಿಯದೆ ಬಸ್ಸು ಹತ್ತಿ ಹೋದೆ. ನನ್ನ ಮುಖ ನೋಡಲು ನಿನಗೆ ಆಗಲಿಲ್ಲ ಎಂದು ಗೊತ್ತು. ನನಗೂ ಆಗಲಿಲ್ಲ.

ನಿನ್ನೆ ಆದದ್ದನ್ನು ಬರೆಯುತ್ತೇನೆ. ಮಧ್ಯಾಹ್ನ ಪೇಟೆ ತಣ್ಣಗಾದ ಮೇಲೆ ಅವಳನ್ನು ಮೊದಲ ಸಲ ಮುಂದಿನ ರಸ್ತೆಗೆ ಹೊರಡಿಸಿದೆ. ನಮ್ಮ ಮನೆಯ ಎದುರಿಗೆ ಮೆಣಸಿನಕಾಯಿ ಗೋದಾಮು, ಅದರ ಪಕ್ಕ ಒಂದು ಹುಣಸೆಮರ ಇದೆಯಲ್ಲ, ಅಲ್ಲಿಗೆ ತಾನಾಗಿ ಹೋಗಿ ನಿಂತಳು. ನಮ್ಮ ಬಾಗಿಲಿಗೆ ಮುಖ ಮಾಡಿ, ಒಂದು ಹಿಂಗಾಲು ಸಡಿಲ ಬಿಟ್ಟು, ಸ್ಟ್ಯಾಂಡಿನಲ್ಲಿ ನಿಲ್ಲುವ ಹಾಗೆ. ಎಳೆದೆ, ಗದರಿದೆ. ಕದಲಲಿಲ್ಲ. ಟಾಂಗಾದ ಕುದುರೆ ಸುಮ್ಮನೆ ಎಲ್ಲೂ ನಿಲ್ಲುವುದಿಲ್ಲ, ಅದು ನಿನಗೆ ನಾನು ಹೇಳಬೇಕಾಗಿಲ್ಲ. ನಿಂತು ನಿಂತು ರೂಢಿಯಾದ ಕಡೆಯೇ ನಿಲ್ಲುತ್ತದೆ.

ಗೋದಾಮಿನಲ್ಲಿ ಕಾಯಿಯ ತೊಟ್ಟು ಬಿಡಿಸುವ ಹೊಳಿಯವ್ವ ಹೊರಗೆ ಬಂದಳು. "ಇದು ಆ ಮುದುಕ ಸಾಬರ ಕುದುರಿ ಅಲ್ಲೇನ್ರೀ? ಎಲ್ಲಿ ಅವರು? ಬಾಳ ದಿನ ಆತು, ಬಂದೇ ಇಲ್ಲ" ಎಂದಳು. ನಾನು ಯಾವ ಸಾಬರು ಎಂದೆ. "ಸುಗ್ಗಿಯಾಗ ರಾಣೆಬೆನ್ನೂರಿಂದ ಟಾಂಗಾ ಹೊಡಕೊಂಡು ಬರತಿದ್ರಲ್ರೀ. ಈ ಗಿಡದ ಬುಡಕ ನಿಲ್ಲಿಸಿ ನಿಮ್ಮ ಬಾಗಲಾನ ನೋಡತಿದ್ರು. ಒಮ್ಮಿ ನಾನಽ ಕೇಳಿದೆ, ಯಾಕ್ರಿ ಯಪ್ಪಾ, ಇಳಿದು ಒಳಗ ಹೋಗಬಾರದೇನ್ರಿ ಅಂತ. 'ಮಗಳು ಕರದ್ರ ಇಳೀತೇನಿ ತಂಗಿ' ಅಂದ್ರು. ಹೊತ್ತು ಮುಳುಗಿದ ಮ್ಯಾಲೆ ಹೋಗತಿದ್ರು."

ಗೂಡು, ಅಮ್ಮಾ ಅವರಿಗಾಗಿ ಕಾದಳು. ಅವರು ನನಗಾಗಿ ಕಾದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಗೊರಸಿನ ಸದ್ದು ಕೇಳಿಯೇ ಇರಬೇಕು. ಮದುವೆಯಾದ ಮೇಲೆ ಆ ಸದ್ದಿಗೆ ಎದ್ದು ನೋಡುವುದನ್ನು ನಾನು ಬಿಟ್ಟುಬಿಟ್ಟಿದ್ದೆ.

ಹೊಳಿಯವ್ವ ಒಳಗೆ ಹೋದ ಮೇಲೆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಬಿಸಿಲು ಸುರಿಯುತ್ತಿತ್ತು. ನಾನು ಸುರಮಾಳ ಹಗ್ಗವನ್ನು ಅವಳ ಕೊರಳಿಗೇ ಸುತ್ತಿ, ನಮ್ಮ ಹೊಸ್ತಿಲಿಗೆ ಹೋಗಿ ನಿಂತು, ತಲೆಗೆ ಸೆರಗು ಹೊದ್ದು, "ಅಬ್ಬಾ, ಇಳೀರಿ. ಒಳಗ ಬರ್ರಿ" ಎಂದೆ.

ಟಾಂಗಾದಿಂದ ಹೊಡೆಯುವವನು ಇಳಿದಾಗ ಭಾರ ಸರಿದು ಕುದುರೆ ಅರ್ಧ ಹೆಜ್ಜೆ ಪಕ್ಕಕ್ಕೆ ಇಡುತ್ತದಲ್ಲ, ಆ ಹೆಜ್ಜೆ ಇಟ್ಟಳು. ಅವಳ ಬೆನ್ನ ಮೇಲೆ ಏನೂ ಇರಲಿಲ್ಲ, ಹಿಂದೆ ಟಾಂಗಾ ಇರಲಿಲ್ಲ. ಆಮೇಲೆ ಅವಳ ಕಿವಿಗಳು ಮರದಿಂದ ನನ್ನ ಕಡೆಗೆ ನಿಧಾನವಾಗಿ ತಿರುಗಿದವು. ಯಾರೋ ರಸ್ತೆ ದಾಟುವಷ್ಟು ಹೊತ್ತು. ನಾನು ಬಾಗಿಲಿನಿಂದ ಸರಿದು ದಾರಿ ಬಿಟ್ಟೆ. ಒಳಗೆ ಹೋಗಿ ಒಂದು ತಂಬಿಗೆ ನೀರು, ಒಂದು ಚಾಪೆ ಇಟ್ಟೆ. ಅಲ್ಲೇ ಕೂತು ಅತ್ತೆ. ಮಾಫ್ ಎನ್ನುವ ಮಾತು ಬಾಯಿಗೆ ಬರಲೇ ಇಲ್ಲ, ನೆನಪೂ ಆಗಲಿಲ್ಲ.

ಸುರಮಾಗೆ ಇಲ್ಲಿನ ಘಾಟಿಗೆ ಕೆಮ್ಮು ಹತ್ತಿದೆ. ನಿಮ್ಮ ಭಾವನವರು ರಾಣೆಬೆನ್ನೂರಿಗೆ ಹೋಗುವ ಖಾಲಿ ಲಾರಿಯಲ್ಲಿ ಕಳಿಸುತ್ತಾರೆ. ಹಲಗೇರಿಗೆ ಒಯ್ಯಿ. ಒಮ್ಮೆ ಅಲ್ಲಿಗೂ ಒಯ್ಯಿ. ಏನಾದರೂ ಇರಲಿ, ಇದ್ದದ್ದನ್ನು ಇದ್ದ ಹಾಗೆ ಬರೆ.

ಆಪಾ


ಹಾವೇರಿ
14-3-1988

ಆಪಾ, ಸಲಾಂ.

ಮತ್ತೆ ಅದೇ ದವಾಖಾನೆ, ಅದೇ ಕಟ್ಟೆ. ಮೊದಲಿಗೇ ಹೇಳಿಬಿಡುತ್ತೇನೆ, ಸುರಮಾ ಬದುಕಿದ್ದಾಳೆ.

ಲಾರಿಯಿಂದ ಇಳಿಸಿದ ಮೇಲೆ ಅವಳನ್ನು ಅಲ್ಲಿಗೆ ಒಯ್ಯುವ ಧೈರ್ಯ ನನಗೆ ಬರಲಿಲ್ಲ. ಇವತ್ತು ನಾಳೆ ಎನ್ನುತ್ತಾ ಇದ್ದೆ. ಶನಿವಾರ ಶೂಲೆ ತಾನೇ ಬಂತು. ಒಯ್ದೆ. ಅಬ್ಬಾನ ಗೋರಿಯ ಹತ್ತಿರ ನಿಲ್ಲಿಸಿ ನೋಡಿದೆ. ಕಿವಿ ನಿಮಿರಲಿಲ್ಲ. ಸುತ್ತು ಹಾಕಿಸಿದೆ, ಮತ್ತೆ ಹಾಕಿಸಿದೆ. ಏನೂ ಇಲ್ಲ. ಹೊಟ್ಟೆಯ ನೋವಿನಲ್ಲೇ ತಲೆ ತಗ್ಗಿಸಿ, ಅಮ್ಮಾನ ಹತ್ತಿರ ಮಾಡುವ ಹಾಗೆ, ಗದ್ದವನ್ನು ಗೋರಿಯ ಕಲ್ಲಿಗೆ ಆನಿಸಿ ಕಣ್ಣು ಮುಚ್ಚಿದಳು.

ನನಗೆ ನಗು ಬಂತು ಆಪಾ. ತಡೆಯಲಾಗದಷ್ಟು ನಗು. ಮೈಲಪ್ಪ ಓಡಿ ಬಂದ. "ಕುದುರಿ ಸಾಯಾಕತ್ತೈತಿ, ನೀವು ನಗಾಕತ್ತೀರಲ್ರೀ ಸಾಬರ. ತಲಿ ಗಿಲಿ ಕೆಟ್ಟೈತೇನು" ಎಂದ. ಅಷ್ಟರಲ್ಲಿ ನಾನು ಅಳುತ್ತಿದ್ದೆ. ಅವನೇ ಟ್ರ್ಯಾಕ್ಟರ್ ತಂದ. ಹಾವೇರಿಯ ತನಕ ಅವಳ ಕತ್ತು ತಬ್ಬಿಕೊಂಡು ನಿಂತಿದ್ದೆ. ಇವಳು ಹೋದರೆ ನನ್ನ ಹೊಟ್ಟೆಪಾಡೂ ಹೋಯಿತು, ಅಬ್ಬಾ ಬಿಟ್ಟುಹೋದದ್ದೂ ಹೋಯಿತು ಎಂಬ ಹೆದರಿಕೆ ಹಿಡಿದಿತ್ತು. ಎದೆ ಮಾತ್ರ ಹಗುರಾಗಿತ್ತು. ಇವೆರಡೂ ಒಂದೇ ಮೈಯಲ್ಲಿ ಹೇಗಿದ್ದವೋ ನನಗೆ ತಿಳಿಯದು.

ಡಾಕ್ಟರು ನಳಿಗೆ ಇಳಿಸಿದರು, ಸೂಜಿ ಹಾಕಿದರು. ಹೊತ್ತು ಇಳಿಯುವ ತನಕ ಈ ಅಂಗಳದಲ್ಲೇ ನಡೆಸಿದೆ. ಕೊನೆಗೆ ಸಡಿಲಾಯಿತು. ಯಾರ ಕೂಗೂ ಇಲ್ಲದೆ, ಬರೀ ಔಷಧಕ್ಕೆ.

ಇವತ್ತು ಬೆಳಿಗ್ಗೆ ಡಾಕ್ಟರು ಹೇಳಿದರು, "ನಡುವ ಹಲಗೇರ್ಯಾಗ ಆರಾಮ ಆಗತಿದ್ಲು ಅಂದ್ರಲ್ಲ. ಅಲ್ಲೇ ಒಯ್ರಿ. ಆ ಜಾಗಾ ಆಕಿಗೆ ಒಗ್ಗೈತಿ."

"ಒಯ್ತೇನ್ರಿ ಸಾಹೇಬರ. ಆದ್ರ ಅದು ಈಗ ಬರೇ ಜಾಗಾ ಆಗೈತ್ರಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ.

ನಾಳೆ ಹೊರಡುತ್ತೇವೆ. ಆ ಹಸಿರು ಚಾದರ ಇನ್ನೂ ಮಡಿಕೆ ಬಿಚ್ಚದೆ ಇದೆ. ಅದನ್ನು ಹೊದಿಸುವುದು ನನ್ನ ಕೈಯಲ್ಲ, ನಿನ್ನದು; ಹಲಗೇರಿಗೆ ಬಾ. ಬಸ್ಸಿಳಿದು ಗಾಬರಿಯಾಗಬೇಡ, ಸುರಮಾಳನ್ನು ಕರೆದುಕೊಂಡು ಸ್ಟಾಪಿಗೆ ಬಂದು ನಿಂತಿರುತ್ತೇನೆ. ನೀನು ಬರುವ ತನಕ ಕಾಯುತ್ತೇವೆ.

ನಿನ್ನ ತಮ್ಮ
ಗೂಡುಸಾಬ